ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇದೆ

ಪುಟ್ಟಿ,

ಕಣ್ಣುಜ್ಜಿಕೊಂಡು ನೋಡು. ಮೇಜಿನ ಮೇಲಿರುವುದು ಇಸ್ತ್ರಿಪೆಟ್ಟಿಗೆಯೇ. ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅದನ್ನು ದಿನಾ ತಾನು ಓಡಿಸುವ ಬಸ್ಸಿಗೇ ಹೊತ್ತೊಯ್ದು, ಪ್ರಯಾಣಿಕರಿಂದ "ಏನ್ ಡ್ರೈವರಣ್ಣ, ಇದು ಬಸ್ಸೋ ಲಾಂಡ್ರಿಯೋ" ಎನ್ನಿಸಿಕೊಳ್ಳುತ್ತಿದ್ದ ನಿನ್ನ ಅಣ್ಣ ಇವತ್ತು ಬರಿಗೈಯಲ್ಲಿ ಹೊರಟಿದ್ದಾನೆ. ಜಗತ್ತು ಗೆದ್ದವರೂ ಇಷ್ಟು ಎದೆಯುಬ್ಬಿಸಿ ನಡೆದಿರಲಾರರು.

ಸ್ವಿಚ್ಚನ್ನು ಒಂದೇ ಸಲ ಆರಿಸಿದ್ದಾನೆ. ಮೆಟ್ಟಿಲಿಳಿಯುವಾಗ ಅವನ ಎದೆ ನಗಾರಿ ಬಾರಿಸಿ ಇಡೀ ಬೀದಿಯನ್ನು ಎಬ್ಬಿಸಬಹುದು. ಬಾರಿಸಲಿ. "ಇದು ಮರೆವಲ್ಲಪ್ಪ, ಗೀಳು ಕಾಯಿಲೆ. ಅನುಮಾನ ಬಂದಾಗ ಹೋಗಿ ನೋಡದೆ ಇದ್ಬಿಡು, ಅದೇ ಸುಸ್ತಾಗಿ ಕೂತ್ಕೊಳ್ಳುತ್ತೆ" ಅಂತ ಡಾಕ್ಟರಮ್ಮ ಹೇಳಿದ್ದಾರಲ್ಲ.

ನಿನಗೊಂದೇ ಕೆಲಸ. ನೀನು ಕಾಲೇಜಿಗೆ ಹೊರಡುವ ಮುಂಚೆ ಅವನು ಫೋನ್ ಮಾಡಿ "ಆರಿದೆಯಾ ನೋಡೇ" ಎಂದು ಗೋಗರೆದರೆ, ಹೋದ ಸಲ ಗ್ಯಾಸ್ ಒಲೆಯದು ಕಳಿಸಿದಂತೆ ಕರಗಿ ಫೋಟೊ ಕಳಿಸಬೇಡ. ನಿನ್ನ ಆ ಕರುಣೆ ತಿಂದೇ ಕಾಯಿಲೆ ಕೊಬ್ಬಿದ್ದು. "ನೋಡಲ್ಲ ಹೋಗೋ" ಎಂದು ಫೋನ್ ಇಟ್ಟುಬಿಡು. ಅಣ್ಣ ಬೈದರೆ ಬೈಯಲಿ, ಸಂಜೆ ಅವನೇ ನಿನ್ನ ಕಾಲಿಗೆ ಬೀಳುತ್ತಾನೆ.

ಇಷ್ಟು ವರ್ಷ ಅವನ ಅಂಗಿ ಗರಿಗರಿ, ನೀನು ಮಾತ್ರ ಮುದುರಿದ ಬಟ್ಟೆಯಲ್ಲೇ ಕಾಲೇಜಿಗೆ ಹೋದೆ. ಇವತ್ತು ಪೆಟ್ಟಿಗೆ ನಿನ್ನದು. ಗರಿಗರಿಯಾಗಿ ಹೋಗು.

— ಅದೇ ನಿನ್ನ ಅಣ್ಣ