ಮರಳುದಿಣ್ಣೆಯ ಹುಲ್ಲು

ಮಾರ್ಚ್ 4
ಇವತ್ತೂ ನೀರು ಕಲಕಿತ್ತು. ಮುಳುಗುವಾಗ ಹಾಕುವ ಮಾಸ್ಕ್ ಒಳಗೆ ಮತ್ತೆ ಮತ್ತೆ ನುಗ್ಗಿತು. ನೀರಡಿ ಗೂಟ ಹೊಡೆದು ಮಾಡಿದ ಪಾತಿಯ ಕಡಲಹುಲ್ಲು ಕಂದುತ್ತಿದೆ. ಹಿನ್ನೀರು ಈ ವರ್ಷ ಬೇಗ ಬಿಸಿಯಾಯಿತು, ಅಷ್ಟೇ. ಆ ನಾಟಿ ಪೂರ್ತಿ ಅಕ್ಕನದು. ಆಸ್ಪತ್ರೆ ಸೇರುವ ಹಿಂದಿನ ದಿನದವರೆಗೂ ತಾನೇ ಮುಳುಗಿ ನೆಟ್ಟಿದ್ದಳು. ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ, ಪಾತಿ ಹೇಗಿದೆ ಅಂತ ಕೇಳಿದಳು. ಚೆನ್ನಾಗಿದೆ ಅಂದೆ. ಸುಳ್ಳು ಹೇಳುವಾಗ ಮೂಗು ಉಜ್ಜುತ್ತೇನಂತೆ, ಚಿಕ್ಕಂದಿನಿಂದ ಅಣಕಿಸುತ್ತಾಳೆ. ಕೈ ಕಟ್ಟಿಕೊಂಡೇ ನಿಂತಿದ್ದೆ.

ಮಾರ್ಚ್ 11
ಇನ್ನು ಮನೆಗೇ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಭಾವ ಕಾರು ತಂದರು. ಮುಂದಿನ ಕೋಣೆಯಲ್ಲಿ, ಕಿಟಕಿ ಪಕ್ಕ ಮಂಚ ಹಾಕಿದೆವು. ನಾನು ಬೆಡ್‌ಶೀಟ್ ಜೊತೆ ಗುದ್ದಾಡುವುದನ್ನು ನೋಡಿ ಅಕ್ಕ ನಕ್ಕಳು. ಆಮೇಲೆ ಅಂದಳು: "ಪಾತಿ ಒಂದ್ಸಲ ನೋಡ್ಬೇಕು ಕಣೇ. ವಿಡಿಯೋ ಮಾಡ್ಕೊಂಡು ಬಾ."


ಮಾರ್ಚ್ 12
ಗೂಟಗಳ ನಡುವೆ ಏನೂ ಉಳಿದಿಲ್ಲ. ಬರೀ ಕೊಳೆತ ಬೇರು.

ಮಾರ್ಚ್ 14
ಮಾಡಬಾರದ್ದು ಮಾಡಿದೆ.
ಮರಳುದಿಣ್ಣೆಯ ಹಿಂದೆ ತಾನಾಗಿ ಬೆಳೆದ ಹಳೆಯ ಪಾತಿಯಿದೆ. ಇಡೀ ಹಿನ್ನೀರಿನಲ್ಲಿ ಉಳಿದಿರುವುದು ಅದೊಂದೇ, ಬೀಜ ಸಿಗುವುದೂ ಅಲ್ಲಿಂದಲೇ. ಅದರ ತಂಟೆಗೆ ಯಾರೂ ಹೋಗಕೂಡದು ಅನ್ನುವುದು ಅಕ್ಕನದೇ ಕಟ್ಟಪ್ಪಣೆ. ಅಲ್ಲಿಂದಲೇ ಬುಟ್ಟಿಗಟ್ಟಲೆ ಕಿತ್ತು ತಂದೆ... ಮೊದಲಿನಿಂದ ಅಕ್ಕನ ಜೊತೆ ದುಡಿದ ದೋಣಿಯವರು ಮುಖ ಆಚೆ ತಿರುಗಿಸಿ ಕೂತರು. ಗೂಟಗಳ ನಡುವೆ ನೆಟ್ಟು ವಿಡಿಯೋ ತೆಗೆದೆ. ಹಸಿರು ತೊನೆದಾಡುತ್ತಿತ್ತು. ಅವಳು ಒಂದು ಸಲ ಖುಷಿಪಡಲಿ, ಆಮೇಲೆ ಏನು ಬೇಕಾದರೂ ಆಗಲಿ — ಅಷ್ಟೇ ತಲೆಯಲ್ಲಿದ್ದದ್ದು.

ಮಾರ್ಚ್ 15
ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ನೋಡಿದಳು. ಇನ್ನೊಮ್ಮೆ ಹಾಕು ಅಂದಳು. ಖುಷಿಗೆ ಅಂದುಕೊಂಡೆ, ದಡ್ಡಿ ನಾನು.
"ಎಲೆ ಮೇಲೆ ಬಿಳೀ ಸುಣ್ಣದ ಪೊರೆ ಕಟ್ಟಿದೆ. ಹೊಸ ನಾಟಿಗೆ ಇಷ್ಟು ಬೇಗ ಕಟ್ಟಲ್ಲ. ದಿಣ್ಣೆ ಹಿಂದಿಂದ ಕಿತ್ಯಾ?"
ಹೂಂ ಅಂದೆ. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೇರು ಇನ್ನೂ ಕಚ್ಚಿರುವುದಿಲ್ಲ, ನಾಳೆ ಬೆಳಿಗ್ಗೆಯೇ ವಾಪಸ್ ನೆಟ್ಟು ಬಾ ಅಂದಳು. ನಾಳೆ ನಿನ್ನ ಹತ್ತಿರ ಇರುತ್ತೇನೆ ಅಂದೆ. ಅವಳಿಗೆ ಉಸಿರು ಆಗಲೇ ಎಳೆಯುತ್ತಿತ್ತು.
"ನನ್ನ ಹತ್ರ ಕೂತು ಏನ್ ಮಾಡ್ತೀಯ? ನಾನು ಹೇಗೂ ಉಳಿಯಲ್ಲ. ಅದು ಉಳೀಬಹುದು."

ಮಾರ್ಚ್ 21
ಬರೆಯಲು ಈಗ ಕೈ ಬಂತು.
ಹದಿನಾರರ ಬೆಳಿಗ್ಗೆ ದಿಣ್ಣೆಗೆ ಹೊರಡುವಾಗ ನಿದ್ದೆಯಲ್ಲಿದ್ದಳು. ಎಬ್ಬಿಸಲಿಲ್ಲ. ಭಾವ ದೋಣಿಯವರಿಗೆ ಫೋನ್ ಮಾಡಿದಾಗ ನಾನು ನೀರಿನೊಳಗಿದ್ದೆ. ಉಸಿರಿಗೆಂದು ಮೇಲೆ ಬಂದಾಗ ದೋಣಿಯವರು ವಿಷಯ ಹೇಳಿದರು. ಬುಟ್ಟಿಯಲ್ಲಿ ಇನ್ನೂ ಹುಲ್ಲಿತ್ತು. "ಮುಗಿಸ್ಬಿಡಮ್ಮ," ಅಂದರು. ಮತ್ತೆ ಮುಳುಗಿದೆ. ಮಾಸ್ಕ್ ಒಳಗೆ ಅತ್ತರೆ ಏನೂ ಕಾಣುವುದಿಲ್ಲ. ತಡವಿ ತಡವಿ ನೆಟ್ಟೆ.
ಅವಳ ಮೇಲೆ ಸಿಟ್ಟಿದೆ. ಹುಲ್ಲಿಗಾಗಿ ಕಳಿಸಿದಳೋ, ತಾನು ಹೋಗುವುದನ್ನು ನಾನು ನೋಡದಿರಲಿ ಅಂತ ಕಳಿಸಿದಳೋ.

ಏಪ್ರಿಲ್ 9
ದಿಣ್ಣೆಯ ಹಿಂದೆ ಹೋಗಿದ್ದೆ. ಬಹಳಷ್ಟು ಕೊಳೆತಿದೆ. ಕೆಲವು ಹೊಸ ಎಲೆ ಬಿಟ್ಟಿವೆ. ಒದ್ದೆ ಬಟ್ಟೆಯಲ್ಲೇ ಓಡಿಬಂದು ಸೀದಾ ಮುಂದಿನ ಕೋಣೆಗೆ ನುಗ್ಗಿದೆ, ಹೇಳಲು. ಭಾವ ಮಂಚದ ಬೋಲ್ಟ್ ಬಿಚ್ಚುತ್ತಿದ್ದರು. ಏನಮ್ಮಾ ಅಂದರು. ಹುಲ್ಲು ಹಿಡಿದಿದೆ ಭಾವ, ಅಂದೆ. ಸ್ಪ್ಯಾನರ್ ಕೆಳಗಿಟ್ಟು ಗೋಡೆಗೆ ಒರಗಿ ಕೂತರು. ಎಲ್ಲಾ ಹೇಳು ಅಂದರು. ನಾನು ಶುರುಮಾಡಿದೆ, ಆದರೆ ಖಾಲಿ ಮಂಚದ ಕಡೆಗೇ ನೋಡಿಕೊಂಡು.