ಖಾಲಿ ಹೋದ ಡಬ್ಬಿ

ಬಸವನ ಬಾಗೇವಾಡಿ
೫ ಜೂನ್ ೨೦೨೫

ಪ್ರೀತಿಯ ಸಗೀರಾ,

ನೀನು, ತಬ್ರೇಜ, ಸೊಸೆ, ಮೊಮ್ಮಕ್ಕಳು ಎಲ್ಲರೂ ಆರಾಮಿದ್ದೀರಿ ಎಂದುಕೊಂಡಿದ್ದೇನೆ. ಈ ಪತ್ರ ಹೋದ ತಿಂಗಳೇ ಬರೆಯಬೇಕಿತ್ತು, ತಡವಾಯಿತು, ಬೇಜಾರಾಗಬೇಡ. ಬೇಜಾರಂತೂ ಮೊದಲೇ ಆಗಿದ್ದೀ. ಫೋನ್ ಮಾಡಿದರೆ ನಿನ್ನ ಸೊಸೆ ಮುಬಿನ ಎತ್ತಿ, "ಅತ್ತಿ ಮಲಗ್ಯಾರ್ರಿ" ಎನ್ನುತ್ತಾಳೆ. ಮುಂಜಾನೆ ಹನ್ನೊಂದಕ್ಕೂ ಮಲಗಿದ್ದಾರೆ, ಸಂಜೆ ಐದಕ್ಕೂ ಮಲಗಿದ್ದಾರೆ. ಹಗಲು ಹೊತ್ತು ಒರಗಿದವರನ್ನು ಕಂಡರೆ ಕೌದಿ ಎಳೆದು ಎಬ್ಬಿಸುತ್ತಿದ್ದ ಹೆಂಗಸು ನೀನು. ನನಗೆ ಗೊತ್ತಿಲ್ಲವೇ?

ಸಿಟ್ಟು ಆ ಸ್ಟೀಲ್ ಡಬ್ಬಿಯದು. ರಂಜಾನಿಗೆ ನೀನು ತಬ್ರೇಜನ ಕೈಯಲ್ಲಿ ಝಳಕಿಯಿಂದ ಶಾವಿಗೆಯ ಸುರಕುಂಬಾ ಕಳಿಸಿದ್ದೆ. ಹೋದ ತಿಂಗಳು ಅವನು ಹೆದ್ದಾರಿಯ ತನ್ನ ಅಂಗಡಿಗೆ ಟೈರು ಒಯ್ಯಲು ಬಂದಾಗ ಡಬ್ಬಿ ಕೇಳಿದ. ನಾನು ತೊಳೆದು, ಒರೆಸಿ, ಖಾಲಿಯೇ ಕೊಟ್ಟುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ನೀನು ಮಗನ ಜೊತೆ ಝಳಕಿಗೆ ಹೋಗುವವರೆಗೂ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ನಿನ್ನ ಪಾತ್ರೆ ನನ್ನ ಮನೆಯಿಂದ, ನನ್ನ ಪಾತ್ರೆ ನಿನ್ನ ಮನೆಯಿಂದ ಒಂದು ದಿನವೂ ಬರಿದಾಗಿ ಹೋಗಿರಲಿಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಖಾಲಿ ಕಳಿಸಿದರೆ ಇನ್ನು ಕೊಡುವುದು-ತಗೊಳ್ಳುವುದು ಮುಗಿಯಿತು ಎಂದ ಹಾಗೆ. ಅದು ನಿನಗೆಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು.

ನಾನೇ ತಬ್ರೇಜನಿಗೆ ಫೋನ್ ಮಾಡಿ ಕೇಳಿದೆ. "ಅಮ್ಮಿ ಮುಚ್ಚಳಾ ತಗದು ನೋಡಿದ್ಲು ಮೌಶಿ, ಮತ್ತ ಮುಚ್ಚಿದ್ಲು. ಏನೂ ಅನ್ನಲಿಲ್ರಿ" ಎಂದ. ನೀನು ನಾಲ್ಕು ಮಾತು ಬೈದಿದ್ದರೆ ನಾನು ಅಂದೇ ಸುಖವಾಗಿ ಮಲಗುತ್ತಿದ್ದೆ.

ಇದಕ್ಕೆಲ್ಲ ನನ್ನ ತಂಗಿಯ ಮಗಳು ಐಶ್ವರ್ಯಳೇ ಕಾರಣ ಎಂದುಕೋ. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಾಳಲ್ಲ, ಅವಳು. ನಮ್ಮವರು ತೀರಿಕೊಂಡ ಮೇಲೆ ದೊಡ್ಡವ್ವ ಮಂಕಾಗಿದ್ದಾಳೆ ಎಂದು ರಜೆಗೆ ಬಂದಳು. ದಿನವಿಡೀ ಫೋನಿನಲ್ಲಿ ಬದುಕುವುದು ಹೇಗೆ ಎಂಬ ಭಾಷಣ ಕೇಳುತ್ತಾಳೆ, ಕೇಳಿದ್ದನ್ನು ನನ್ನ ಮೇಲೆ ಪ್ರಯೋಗ ಮಾಡುತ್ತಾಳೆ. "ದೊಡ್ಡವ್ವ, ಬೇಕಾದಷ್ಟ ಇಟ್ಕೋ. ಬ್ಯಾಡಾದದ್ದು ಮನ್ಯಾಗಿದ್ರ ಮನಸಿಗೂ ಭಾರ" ಎಂದಳು. ಹಬ್ಬದ ದೊಡ್ಡ ಬೋಗುಣಿಗಳು ಹೋದವು. ಹೋಳಿಗೆಯ ದೊಡ್ಡ ಹಂಚು ಹೋಯಿತು. ಸಕ್ಕರೆ ವಿಷವಂತೆ, ಅದನ್ನೂ ಡಬ್ಬದ ಸಮೇತ ಯಾರಿಗೋ ಕೊಟ್ಟಳು. ನಮ್ಮವರ ಕೊಡೆಗೆ ಕೈ ಹಾಕಿದಾಗ ಮಾತ್ರ ನಾನು, "ಅದು ಅಲ್ಲೇ ಇರ್ಲಿ" ಎಂದೆ. ನನ್ನ ಮುಖ ನೋಡಿ ಅದನ್ನು ಮತ್ತೆ ಗೂಟಕ್ಕೆ ತೂಗುಹಾಕಿದಳು.

ಸುಳ್ಳು ಹೇಳಬಾರದು, ಕೆಲವು ನನಗೂ ಹಿಡಿಸಿದವು. ಬೆಳಕು ಹರಿಯುವ ಮೊದಲು ಎದ್ದು ಕೆರೆಯ ಕಡೆ ನಡೆದು ಬರುತ್ತೇನೆ, ಮೊಣಕಾಲು ಹಗುರಾಗಿದೆ. ಮನಸ್ಸಿಲ್ಲದ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಮೊನ್ನೆ ನಾದಿನಿ ತನ್ನ ಸೊಸೆಯ ಸೀಮಂತಕ್ಕೆ ಕರೆದಳು. ಹೋದರೆ ಎಲ್ಲರೂ ನನ್ನ ಹಣೆ ನೋಡಿ ಮರುಗುತ್ತಾರೆ. "ಬರಂಗಿಲ್ಲವ್ವ" ಎಂದೆ, ಆಕಾಶವೇನೂ ಬೀಳಲಿಲ್ಲ. ಮುಂಜಾನೆ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಒಳ್ಳೆಯ ಮಾತು ಹೇಳಿಕೊಳ್ಳಬೇಕಂತೆ. "ನೀ ಭಾಳ ಶಾಣ್ಯಾಕಿ" ಎಂದೆ. ಕನ್ನಡಿಯೊಳಗಿನವಳು ನಂಬಲಿಲ್ಲ. ಒಂದು ಹೊತ್ತಿಗೆ ಒಂದೇ ಕೆಲಸ, ಅದನ್ನೇ ಮನಸ್ಸಿಟ್ಟು ಮಾಡಬೇಕು ಎಂದೂ ಹೇಳಿಕೊಟ್ಟಳು. ಹಾಗೇ ಮಾಡುತ್ತೇನೆ. ಒಬ್ಬಳ ಮನೆ, ಎಷ್ಟು ಮನಸ್ಸಿಟ್ಟು ಗುಡಿಸಿದರೂ ಹತ್ತು ಗಂಟೆಗೆಲ್ಲ ಮುಗಿದುಬಿಡುತ್ತದೆ. ಆಮೇಲೇನು ಮಾಡಬೇಕು ಎಂಬುದನ್ನು ಹೇಳಿಕೊಡದೆ ಹೋದಳು.

ನಿನ್ನ ಮನೆಗೆ ಬ್ಯಾಂಕಿನ ಹುಡುಗರು ಬಾಡಿಗೆಗೆ ಬಂದಿದ್ದಾರೆ. ಒಳ್ಳೆಯವರು, ಗದ್ದಲವಿಲ್ಲ. ಅದೇ ತ್ರಾಸು ನೋಡು. ಮಧ್ಯಾಹ್ನ ನೀನು ಲಟ್ಟಣಿಗೆಯಿಂದ ಗೋಡೆ ಬಡಿದು "ವಿದ್ಯಾ, ಚಾ ಆತೇನ?" ಎಂದು ಕೂಗುತ್ತಿದ್ದೆಯಲ್ಲ, ಆ ಹೊತ್ತಿಗೆ ನನ್ನ ಕಿವಿ ಈಗಲೂ ಗೋಡೆಯ ಕಡೆಗೇ ಇರುತ್ತದೆ.

ಹೀಗೆ, ಡಬ್ಬಿಯ ವಿಷಯ ಇಷ್ಟೇ. ಇನ್ನೊಬ್ಬರ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬಾರದು, ತಕ್ಷಣ ಕೊಟ್ಟುಬಿಡಬೇಕು ಎಂಬ ಹೊಸ ಪದ್ಧತಿಯ ಗಡಿಬಿಡಿಯಲ್ಲಿ ಹಾಗಾಯಿತು. ನೀನು ದೊಡ್ಡದು ಮಾಡಬೇಡ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಹೆದ್ದಾರಿಯ ಹತ್ತಿರ ಆಡಲು ಬಿಡಬೇಡ. ಮುಬಿನಳಿಗೆ ಬೇರೆ ಸುಳ್ಳು ಕಲಿಸು, ಮಲಗಿದ್ದು ಸಾಕು. ನಾಡಿದ್ದು ಬಕ್ರೀದು, ನಿಮ್ಮ ಮನೆ ತುಂಬಿರಲಿ. ನೀನು ನೂರು ವರ್ಷ ಬಾಳು, ನನ್ನ ಮೇಲೆ ಸಿಟ್ಟಿಟ್ಟುಕೊಂಡಾದರೂ.

ನಿನ್ನ
ವಿದ್ಯಾವತಿ

ತಾ.ಕ. ಇದನ್ನು ಮುಬಿನಳ ಕೈಯಲ್ಲಿ ಓದಿಸಬೇಡ, ಚಾಳೀಸು ಹಾಕಿಕೊಂಡು ನೀನೇ ಓದು. ಮೇಲೆ ಬರೆದದ್ದು ಸುಳ್ಳು. ಐಶ್ವರ್ಯಳ ತಪ್ಪೇನಿಲ್ಲ. ಅವಳಿದ್ದಷ್ಟು ದಿನ ಅವಳಿಗಾಗಿ ಅಡುಗೆ ಮಾಡಿದೆ. ಅವಳು ಹೋದ ಮೇಲೆ ಒಲೆ ಹಚ್ಚಿಲ್ಲ. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಕೈ ಏಳುವುದಿಲ್ಲ ಸಗೀರಾ. ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತೇನೆ. ಪರಿಚಯದವರು ಕಂಡರೆ ಪಾರ್ಸೆಲ್ ಒಯ್ಯಲು ಬಂದೆ ಎನ್ನುತ್ತೇನೆ. ಅಂದು ತಬ್ರೇಜನನ್ನು ಬಾಗಿಲಲ್ಲಿ ನಿಲ್ಲಿಸಿ ನಿನ್ನ ಡಬ್ಬಿಗೆ ಹಾಕಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದೆ. ರೊಟ್ಟಿಬುಟ್ಟಿ ಬರಿದು, ಸಕ್ಕರೆ ಇಲ್ಲ, ಬೆಲ್ಲದ ತುಂಬ ಇರುವೆ. ಹಿಟ್ಟು ಹುರಿದು ಒಂದಿಷ್ಟು ಸಿಹಿ ಮಾಡೋಣವೆಂದು ಗ್ಯಾಸ್ ತಿರುವಿದರೆ ಸಿಲಿಂಡರ್ ಖಾಲಿ. ಅದು ಯಾವಾಗ ಮುಗಿದಿತ್ತೋ ನನಗೇ ಗೊತ್ತಿರಲಿಲ್ಲ. ಹುಡುಗನಿಗೆ ಹೇಗೆ ಹೇಳಲಿ? ನಾಚಿಕೆಯಾಗಿ ಮುಚ್ಚಳ ಹಾಕಿ ಕೊಟ್ಟೆ.

ನಿನ್ನೆ ಹೊಸ ಸಿಲಿಂಡರ್ ತರಿಸಿದ್ದೇನೆ. ಇದನ್ನೋದಿ ಮರುಗಿ ಏನೇನೋ ತುಂಬಿ ಕಳಿಸಬೇಡ. ತಬ್ರೇಜ ಈ ಕಡೆ ಬಂದಾಗ ಆ ಡಬ್ಬಿಯನ್ನು ಖಾಲಿಯೇ ಕೊಟ್ಟು ಕಳಿಸು. ತುಂಬಿ ಕಳಿಸುವುದಕ್ಕಾದರೂ ಒಲೆ ಹಚ್ಚುತ್ತೇನೆ.