ಅರ್ಧ ಚಮಚ ಉಪ್ಪು

ಶುಕ್ರವಾರ, ಸಂಜೆ ಐದು ಗಂಟೆ

ನನ್ನ ಹೆಂಡತಿಯ ಒಬ್ಬಳೇ ತಂಗಿಯೂ, ಅಡುಗೆಯಲ್ಲಿ ಎಲ್ಲ ಬಲ್ಲವಳೂ ಆದ ನಾದಿನಿಗೆ,

ನೀನು ಕ್ಷೇಮವಾಗಿಯೇ ಇರುತ್ತೀಯ. ಬೇರೆಯವರ ಹೊಟ್ಟೆ ಉರಿಸುವವರ ಆರೋಗ್ಯ ಯಾವಾಗಲೂ ಚೆನ್ನಾಗಿರುತ್ತದೆ.

ಆಸ್ಪತ್ರೆಯ ಹಾಸಿಗೆಯಲ್ಲಿ ನಿನ್ನಕ್ಕ ಹೇಳುತ್ತಾ ಹೋದಳು, ನೀನು ಬರೆದುಕೊಂಡೆ: ಪಾಸ್ತಾ ಸಾಸ್ ಮಾಡುವ ಕ್ರಮ, ಮೇಲೆ 'ಭಾವನಿಗೆ' ಎಂಬ ತಲೆಬರಹ. ಆ ಚೀಟಿ ಹಿಡಿದು ಈ ವಾರ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಕೆಂಪು ಬಣ್ಣದ ನೀರು. ಭಾನುವಾರ ಮಗಳು ಬರುತ್ತಾಳೆ. ಅವಳಮ್ಮ ಹೋದ ಮೇಲೆ ಈ ಮನೆಯಲ್ಲಿ ಒಂದು ತುತ್ತೂ ಮುಟ್ಟದವಳು, ಅಮ್ಮನ ಸಾಸ್ ಮಾಡಿದರೆ ಬರುತ್ತೇನೆ ಎಂದಿದ್ದಾಳೆ.

ನಿನಗೆ ಫೋನ್ ಮಾಡಿದರೆ ಏನಂದೆ? ಚಿಟಿಕೆ ಸಕ್ಕರೆ ಹಾಕಿ ಭಾವ, ಹುಳಿ ಬ್ಯಾಲೆನ್ಸ್ ಆಗುತ್ತದೆ ಎಂದೆ. ಕಾಲೇಜಿನಲ್ಲಿ ನನಗೆ ಈಕ್ವಿಲಿಬ್ರಿಯಂ ಆಫ್ ಫೋರ್ಸಸ್ ಎಂಬ ಪಾಠವೇ ಇತ್ತು. ಫೋರ್ಸಸ್ ಮಾತ್ರ ನೆನಪಿದೆ. ಸಕ್ಕರೆ ಹಾಕಿದೆ, ಕೆಮ್ಮಿನ ಔಷಧಿಯಾಯಿತು. ಅದನ್ನು ಮುರಿಯಲು ವಿನೆಗರ್, ವಿನೆಗರ್ ಮುರಿಯಲು ಬೆಣ್ಣೆ, ಬೆಣ್ಣೆಯ ಜಿಡ್ಡಿಗೆ ಇನ್ನೆರಡು ಟೊಮೆಟೊ. ಬಾಣಲೆ ತುಂಬಿತು, ರುಚಿ ಬರಲಿಲ್ಲ. ನಿನ್ನ ಉಪದೇಶಗಳ ಹಣೆಬರಹವೇ ಇಷ್ಟು.

ಎದುರುಮನೆಯ ದರ್ಜಿ ನೆಕ್ಕಿ ನೋಡಿ, ಉಪ್ಪು ಕಮ್ಮಿ ಸಾರ್, ಎಂದ. ಗುಂಡಿ ಹೊಲಿಯುವವನು ನನ್ನ ಹೆಂಡತಿಯ ಅಳತೆ ತಿದ್ದುತ್ತಾನೆ. 'ಉಪ್ಪು ಅರ್ಧ ಚಮಚ, ಹೆಚ್ಚು ಬೇಡ' ಎಂದು ಹೇಳಿ ಕೆಳಗೆ ಎರಡು ಗೆರೆ ಎಳೆಸಿದ್ದಾಳೆ. ಅದನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಆದ್ದರಿಂದ ಬೇರೆ ಯಾವುದೋ ಸಾಲನ್ನು ನೀನು ನುಂಗಿದ್ದೀಯ, ಅಕ್ಕನ ಕೈರುಚಿ ನಿನ್ನ ಮನೆಯಲ್ಲೇ ಉಳಿಯಲಿ ಅಂತ. ಇದು ನನ್ನ ಕನ್‌ಕ್ಲೂಷನ್. ಅಥವಾ ಕನ್ಫೆಷನ್, ಎರಡರಲ್ಲಿ ಒಂದು. ಆ ಸಾಲು ಕೂಡಲೇ ಕಳಿಸು.

ನಿನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದ,
ಭಾವ

ತಾ.ಕ.: ಭಾನುವಾರ ಸಂಜೆ. ಕಾಗದ ಅಂಚೆಗೆ ಹಾಕಿರಲಿಲ್ಲ. ಮಗಳು ಬಂದಳು. ಒಂದು ತುತ್ತು ತಿಂದು, ಮೇಜಿನ ಮೇಲಿರುತ್ತಿದ್ದ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದಳು. ಬಿಪಿ ಎಂದು ಡಾಕ್ಟರು ಹೋದ ತಿಂಗಳು ತೆಗೆಸಿದರು ಎಂದೆ. ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ನೀನು ರುಚಿ ನೋಡೋ ಮೊದಲೇ ಉಪ್ಪು ಉದುರಿಸ್ಕೋತಿದ್ದೆಯಲ್ಲಪ್ಪ. ಅದಕ್ಕೇ ಅಮ್ಮ ಅರ್ಧ ಉಪ್ಪು ಹಾಕಿ ಮೊದಲು ನಿಂಗೆ ಬಡಿಸಿಬಿಡ್ತಿದ್ಲು. ಉಳಿದರ್ಧ ಆಮೇಲೆ ನಮ್ಮಿಬ್ಬರದಕ್ಕೆ."

ಮೂವತ್ತೊಂದು ವರ್ಷ. ನಿನ್ನಕ್ಕ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ತಟ್ಟೆ ತಳ್ಳಿ ಏಳುತ್ತಿದ್ದೆ. ಅದೂ ಅವಳಿಗೆ ಗೊತ್ತಿತ್ತು. ಮಗಳು ಉಳಿದರ್ಧ ಹಾಕಿಕೊಂಡು ಎರಡು ಸಲ ಬಡಿಸಿಕೊಂಡಳು. ನಾನು ನನ್ನ ಪಾಲನ್ನು ಸಪ್ಪೆಯಾಗಿಯೇ, ಮೊದಲ ಬಾರಿಗೆ ರುಚಿ ನೋಡಿ ತಿಂದೆ.

ನೀನು ಯಾವ ಸಾಲನ್ನೂ ನುಂಗಿಲ್ಲ. ಬರೆದದ್ದನ್ನು ಹರಿದರೆ ಕಾಗದ ದಂಡ, ಹಾಗೇ ಕಳಿಸುತ್ತಿದ್ದೇನೆ. ಮುಂದಿನ ಭಾನುವಾರ ಊಟಕ್ಕೆ ಬಾ. ಸಕ್ಕರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.